ಬಿಡ್ತು ಅನ್ನು

2001ರ ಆಗಸ್ಟ್ ತಿಂಗಳ ಒಂದು ಭಾನುವಾರ, ಜೋಗ. ನನ್ನ ಮಗಳಿಗೆ ಆಗ ಏಳು ತಿಂಗಳು. ಸಾಗರದಿಂದ ಬಸ್ಸಿನಲ್ಲಿ ಬಂದು, ನೆನೆದ ಕಬ್ಬಿಣದ ಕಂಬಿಯ ಹತ್ತಿರ ಮಗುವನ್ನು ಎತ್ತಿಕೊಂಡು ನಿಂತಿದ್ದೆ. ಮಳೆಗಾಲದಲ್ಲಿ ಜೋಗ ನೋಡಿದವರಿಗೆ ಗೊತ್ತು, ಅಲ್ಲಿ ಮೊದಲು ಸಿಗುವುದು ಸದ್ದು ಮಾತ್ರ. ಕಣ್ಣೆದುರು ಬರೀ ಬಿಳಿ ಮಂಜು. ಗಾಳಿಗಾಗಿ ಕಾಯಬೇಕು. ಗಾಳಿ ಬಂತೆಂದರೆ ಯಾರೋ ಪರದೆ ಎಳೆದ ಹಾಗೆ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಒಮ್ಮೆಗೇ ಕಾಣುತ್ತವೆ, ಆಮೇಲೆ 830 ಅಡಿ ಆಳ ಕಾಣುತ್ತದೆ. ಆ ದಿನವೂ ಪರದೆ ಸರಿಯಿತು. ಸುತ್ತಲಿದ್ದ ಜನ ಹೋ ಎಂದು ಕೂಗಿದರು. ಅದೇ ಗಳಿಗೆಯಲ್ಲಿ ನನ್ನ ತಲೆಯೊಳಗೆ ಒಂದು ಮಾತು ಬಂತು: ಈ ಮಗುವನ್ನು ಈಗ ಕೆಳಕ್ಕೆ ಬಿಟ್ಟುಬಿಟ್ಟರೆ?

ಎದೆ ಧಸಕ್ಕೆಂದಿತು. ಎರಡು ಹೆಜ್ಜೆ ಹಿಂದೆ ಸರಿದೆ. ‘ಕೈ ಸೋತಿದೆ, ಸ್ವಲ್ಪ ಹಿಡ್ಕೊಳ್ಳಿ’ ಅಂತ ಮಗುವನ್ನು ಗಂಡನ ಕೈಗೆ ಕೊಟ್ಟೆ. ಮತ್ತೆ ಆ ದಿನ ಎತ್ತಿಕೊಳ್ಳಲಿಲ್ಲ. ವಾಪಸು ಬರುವಾಗ ಬಸ್ಸಿನ ಕಿಟಕಿಯ ಪಕ್ಕವೂ ಕೂರಲಿಲ್ಲ. ನಾಲ್ಕು ವರ್ಷ ಕಾದು, ಹರಕೆ ಹೊತ್ತು ಹೆತ್ತ ಮಗು ಅವಳು. ಅವಳ ವಿಷಯದಲ್ಲಿ ಇಂಥ ಯೋಚನೆ ಬಂದ ಹೆಂಗಸು ತಾಯಿ ಹೇಗಾದಾಳು ಎಂದು ರಾತ್ರಿಯೆಲ್ಲ ಕೇಳಿಕೊಂಡೆ. ಆಮೇಲಿನ ಒಂದು ವರ್ಷ ಮಗುವಿಗೆ ಸ್ನಾನ ಮಾಡಿಸುವಾಗ ಅತ್ತೆಯನ್ನು ಜೊತೆಗೆ ಕೂರಿಸಿಕೊಳ್ಳುತ್ತಿದ್ದೆ. ಕುಡುಗೋಲು, ಈಳಿಗೆಮಣೆ ಎಲ್ಲ ಹಿತ್ತಿಲಿನ ಕೋಣೆಗೆ ಹೋದವು. ಮಗುವಿನ ಕೈಗೆ ಸಿಗಬಾರದು ಎಂದು ಮನೆಯವರಿಗೆ ಹೇಳಿದ್ದೆ. ನನ್ನ ಕೈಗೆ ಸಿಗಬಾರದು ಎಂಬುದು ನಿಜವಾದ ಕಾರಣ. ಇದನ್ನು ಇಪ್ಪತ್ನಾಲ್ಕು ವರ್ಷ ಯಾರಿಗೂ ಹೇಳಲಿಲ್ಲ.

ಈಗ ಪತ್ರಿಕೆಯಲ್ಲಿ ಬರೆಯುವುದಕ್ಕೆ ಒಂದು ಪ್ರಶ್ನಾವಳಿ ಕಾರಣ. ಅದು ಆಟದ ಪ್ರಶ್ನಾವಳಿ, ಮೊಬೈಲಿನಲ್ಲಿ ಐದು ನಿಮಿಷಕ್ಕೆ ಮುಗಿಯುವಂಥದ್ದು.

ಹೋದ ವರ್ಷ ಭೂಮಿ ಹುಣ್ಣಿಮೆಗೆ ಮಗಳು ಬೆಂಗಳೂರಿನಿಂದ ಬಂದಿದ್ದಳು. ನಮ್ಮ ಕಡೆ ಭೂಮಣ್ಣಿ ಹಬ್ಬದ ಹಿಂದಿನ ರಾತ್ರಿ ಹೆಂಗಸರು ಮಲಗುವುದಿಲ್ಲ. ಬೆಳಗಾಗುವ ಮೊದಲೇ ಗದ್ದೆಗೆ ಎಡೆ ಹೋಗಬೇಕು, ಬುಟ್ಟಿ ತುಂಬ ಅಡುಗೆ ಆಗಬೇಕು, ಹತ್ತಾರು ಬಗೆಯ ಬೆರಕೆ ಸೊಪ್ಪು ಸೋಸಿ ಹೆಚ್ಚಬೇಕು. ರಾತ್ರಿ ಹನ್ನೊಂದರ ಹೊತ್ತಿಗೆ ನಾನು ಸೊಪ್ಪು ಹೆಚ್ಚುತ್ತ ಕೂತಿದ್ದೆ. ಮಗಳು ಪಕ್ಕದಲ್ಲಿ ಕೂತು, ‘ಅಮ್ಮ, ನೀನು ಯಾರು ಅಂತ ನೋಡೋಣ, ನಾನು ಓದ್ತೀನಿ, ನೀನು ಉತ್ರ ಹೇಳು’ ಅಂದಳು.

ಅವಳೂ ಅವಳ ನಾಲ್ಕು ಜನ ಗೆಳೆಯರೂ ಶನಿವಾರ ಸಂಜೆ ಒಂದು ಬಾಡಿಗೆ ಮನೆಯಲ್ಲಿ ಸೇರಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಡುತ್ತಾರೆ. ಹಲಗೆ, ಕಾಯಿ ಇಲ್ಲದೆಯೂ ನಡೆಯುತ್ತದೆ. ಒಬ್ಬರು ಕಥೆ ಕಟ್ಟುತ್ತಾರೆ, ಉಳಿದವರು ಒಂದೊಂದು ಪಾತ್ರವಾಗುತ್ತಾರೆ, ಇಪ್ಪತ್ತು ಮುಖದ ದಾಳ ಉರುಳಿಸಿ ಮುಂದೇನಾಯಿತು ಎಂದು ತೀರ್ಮಾನಿಸುತ್ತಾರೆ. ಅವಳು ವಿವರಿಸುವಾಗ ನನಗೆ ತಾಳಮದ್ದಳೆ ನೆನಪಾಯಿತು. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಪಾತ್ರವಾಗಿ ಮಾತಾಡುವುದು. ಪ್ರಸಂಗ ಎಲ್ಲಿ ಮುಗಿಯುತ್ತದೆ ಎಂಬುದು ತಾಳಮದ್ದಳೆಯಲ್ಲಿ ಮೊದಲೇ ಗೊತ್ತಿರುತ್ತದೆ, ಇವರದರಲ್ಲಿ ದಾಳಕ್ಕೆ ಬಿಟ್ಟಿದ್ದು.

ಈ ಆಟದಲ್ಲಿ ಪ್ರತಿ ಪಾತ್ರಕ್ಕೂ ಒಂದು ‘ಅಲೈನ್‌ಮೆಂಟ್’ ಇರುತ್ತದೆ, ಅಂದರೆ ಆ ಪಾತ್ರ ಯಾವ ಪಕ್ಷದ್ದು ಎಂಬುದು. ಒಂದು ಕಡೆ ಗುಡ್, ನ್ಯೂಟ್ರಲ್, ಈವಿಲ್. ಇನ್ನೊಂದು ಕಡೆ ಲಾಫುಲ್, ನ್ಯೂಟ್ರಲ್, ಕೇಯಾಟಿಕ್. ಒಳ್ಳೆಯದು-ಕೆಟ್ಟದ್ದು ಒಂದು ಅಳತೆ, ಕಟ್ಟಳೆಗೆ ಒಗ್ಗುವುದು-ಒಗ್ಗದಿರುವುದು ಇನ್ನೊಂದು. ಮೂರು ಮೂರಲೆ ಒಂಬತ್ತು ಮನೆ. ಆಟ ಆಡದವರೂ ತಾವು ಯಾವ ಮನೆಯವರು ಎಂದು ನೋಡಿಕೊಳ್ಳಲು ಪ್ರಶ್ನಾವಳಿಗಳು ಹುಟ್ಟಿಕೊಂಡಿವೆ.

ಮಗಳು ಓದುತ್ತ ಹೋದಳು. ಊರಿನ ಯಜಮಾನ ಅನ್ಯಾಯದ ತೆರಿಗೆ ಹಾಕಿದರೆ ಕೊಡುತ್ತೀಯಾ? ಗೆಳತಿ ಕದ್ದದ್ದು ಗೊತ್ತಾದರೆ ಹೇಳುತ್ತೀಯಾ? ದಾರಿಯಲ್ಲಿ ಹಣದ ಚೀಲ ಸಿಕ್ಕರೆ ಏನು ಮಾಡುತ್ತೀಯ? ನಾನು ಸಹಕಾರಿ ಬ್ಯಾಂಕೊಂದರಲ್ಲಿ ಇಪ್ಪತ್ತಾರು ವರ್ಷದಿಂದ ಕ್ಯಾಷಿಯರ್. ಸಂಜೆ ಲೆಕ್ಕ ಮುಗಿಸುವಾಗ ಹತ್ತು ರೂಪಾಯಿ ಹೆಚ್ಚಿಗೆ ಬಂದರೂ ಅದು ಅದೇ ದಿನ ಪುಸ್ತಕಕ್ಕೆ ಹೋಗಬೇಕು. ಹಾಗೆಯೇ ಉತ್ತರಿಸಿದೆ. ಫಲಿತಾಂಶ ಬಂತು: ‘ಲಾಫುಲ್ ಗುಡ್.’ ಮಗಳು ಚಪ್ಪಾಳೆ ತಟ್ಟಿದಳು. ‘ನಂಗೆ ಮೊದ್ಲೇ ಗೊತ್ತಿತ್ತು’ ಅಂದಳು.

ನನಗೆ ಆದದ್ದೇ ಬೇರೆ. ಈ ಪ್ರಶ್ನಾವಳಿ ಜೋಗದ ವಿಷಯ ಕೇಳಲೇ ಇಲ್ಲವಲ್ಲ ಅನ್ನಿಸಿತು. ಕೇಳಿದ್ದರೆ?

ಬೆಳಗ್ಗೆ ಗದ್ದೆಯ ಪೂಜೆ ಮುಗಿಸಿ ಬಂದು, ಎಲ್ಲರೂ ಮಲಗಿದ ಮೇಲೆ ನನ್ನ ಫೋನಿನಲ್ಲಿ ಅದನ್ನೇ ತೆಗೆದೆ. ಈ ಸಲ ಕಠಿಣವಾಗಿ ಉತ್ತರಿಸಿದೆ. ‘ಅಪರಿಚಿತರಿಗಾಗಿ ಪ್ರಾಣ ಕೊಡುತ್ತೀರಾ’ ಎಂಬುದಕ್ಕೆ ಮೊದಲು ಹೌದು ಅಂದಿದ್ದೆ, ಈಗ ನಿಜ ಹೇಳಬೇಕೆಂದು ಗೊತ್ತಿಲ್ಲ ಅಂದೆ. ‘ಟ್ರೂ ನ್ಯೂಟ್ರಲ್’ ಬಂತು. ಗುಡ್ ಹೋಗಿಬಿಟ್ಟಿತ್ತು. ಮತ್ತೆ ತೆಗೆದೆ. ದೀಪಾವಳಿಯ ಹೊತ್ತಿಗೆ ಹದಿನೇಳು ಸಲ ಆಗಿತ್ತು. ಲೆಕ್ಕದವಳಾದ್ದರಿಂದ ಕ್ಯಾಲೆಂಡರಿನ ಹಿಂಭಾಗದಲ್ಲಿ ಗೀಟು ಹಾಕಿಟ್ಟಿದ್ದೆ. ‘ಗುಡ್’ ಎಂದು ಬಂದ ದಿನ ಒಂದಷ್ಟು ಹೊತ್ತು ಹಗುರ. ಅರ್ಧ ಗಂಟೆ ಕಳೆದರೆ, ಆ ನಾಲ್ಕನೇ ಪ್ರಶ್ನೆಗೆ ನಾನು ನಿಜವಾಗಿ ಉತ್ತರಿಸಿದೆನಾ ಎಂಬ ಅನುಮಾನ.

ಈ ಪ್ರಶ್ನಾವಳಿಗಳ ಮೇಲೆ ನನಗೆ ಸಿಟ್ಟಿಲ್ಲ. ಸಂಕ್ರಾಂತಿಗೆ ಬಂದಾಗ ನಾನೂ ಮಗಳೂ ಮಹಾಭಾರತದವರನ್ನೆಲ್ಲ ಆ ಒಂಬತ್ತು ಮನೆಗಳಲ್ಲಿ ಕೂರಿಸಲು ಹೋಗಿ ಒಂದಿಡೀ ಮಧ್ಯಾಹ್ನ ಕಳೆದೆವು. ವಿದುರ ಸುಲಭವಾಗಿ ಕೂತ. ಶಕುನಿಯೂ ಕೂತ. ಧರ್ಮರಾಯನನ್ನು ‘ಲಾಫುಲ್ ಗುಡ್’ ಮನೆಯಲ್ಲಿಟ್ಟೆವು, ಆಮೇಲೆ ಅವನು ದ್ರೋಣನಿಗೆ ಹೇಳಿದ ಅರ್ಧ ಸತ್ಯ ನೆನಪಾಗಿ ಜಗಳವಾಯಿತು. ಕೃಷ್ಣ ಎಲ್ಲ ಮನೆಗಳಲ್ಲೂ ಹೋಗಿ ಬಂದ. ಕರ್ಣನ ವಿಷಯಕ್ಕೆ ಬಂದಾಗ ಮಗಳು ಪೆನ್ಸಿಲ್ ಕೆಳಗಿಟ್ಟಳು. ಸಭೆಯಲ್ಲಿ ದ್ರೌಪದಿಗೆ ಅವನು ಆಡಿದ ಮಾತೂ ನಿಜ, ಕವಚ ಕಿತ್ತುಕೊಟ್ಟ ಕೈಯೂ ನಿಜ. ಅವನನ್ನು ಒಂದು ಚೌಕದಲ್ಲಿ ಕೂರಿಸಿದರೆ ಅರ್ಧ ಕರ್ಣ ಹೊರಗುಳಿಯುತ್ತಾನೆ. ಹೀಗೆ ಜಗಳವಾಡಲು ಈ ಚೌಕಗಳು ಬಹಳ ಚೆನ್ನಾಗಿವೆ.

ತನ್ನ ಮೇಲೇ ಭಯ ಹುಟ್ಟಿದವರು ಆ ಚೌಕಗಳನ್ನೇ ತಕ್ಕಡಿ ಮಾಡಿಕೊಂಡಾಗ ಕೆಲಸ ಕೆಡುತ್ತದೆ. 1948ರಲ್ಲಿ ಬರ್ಟ್ರಂ ಫೋರರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ತಮ್ಮ ವಿದ್ಯಾರ್ಥಿಗಳಿಗೆ ವ್ಯಕ್ತಿತ್ವ ಪರೀಕ್ಷೆ ಕೊಟ್ಟರು. ಒಂದು ವಾರದ ನಂತರ ಒಬ್ಬೊಬ್ಬರಿಗೂ ಅವರವರ ವರದಿ ಎಂದು ಒಂದೊಂದು ಹಾಳೆ ಹಂಚಿದರು. ಎಷ್ಟು ಸರಿಯಾಗಿದೆ, ಐದಕ್ಕೆ ಅಂಕ ಕೊಡಿ ಅಂದರು. ಸರಾಸರಿ ನಾಲ್ಕಕ್ಕಿಂತ ಹೆಚ್ಚು ಬಂತು. ಎಲ್ಲರ ಕೈಯಲ್ಲಿದ್ದದ್ದೂ ಒಂದೇ ಬರಹ, ಅದರ ವಾಕ್ಯಗಳನ್ನು ಫೋರರ್ ಆರಿಸಿದ್ದು ಹೆಚ್ಚಾಗಿ ಅಂಗಡಿಯಲ್ಲಿ ಸಿಗುವ ಜ್ಯೋತಿಷ್ಯದ ಪುಸ್ತಕದಿಂದ. ಒಳ್ಳೆಯ ಮಾತನ್ನು ನಾವು ಅಷ್ಟು ಬೇಗ ನಮ್ಮದು ಮಾಡಿಕೊಳ್ಳುತ್ತೇವೆ. ಅಂಜಿದ ಮನಸ್ಸು ಇದೇ ಕೆಲಸವನ್ನು ಕೆಟ್ಟ ಮಾತಿನ ವಿಷಯದಲ್ಲಿ ಮಾಡುತ್ತದೆ. ಹದಿನಾರು ಸಲ ‘ಗುಡ್’ ಬಂದು ಒಂದು ಸಲ ಬರದಿದ್ದರೂ ಆ ಒಂದೇ ನಿಜ ಅನ್ನಿಸುತ್ತದೆ.

ಆ ಒಂಬತ್ತು ಮನೆಗಳು ಹೇಗೆ ಹುಟ್ಟಿದವು ಎಂದು ಆಮೇಲೆ ಮಗಳು ತೋರಿಸಿದಳು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಅಮೆರಿಕದಲ್ಲಿ ಈ ಆಟವನ್ನು ಹೊರತಂದಾಗ, ಮೊದಲ ಮುದ್ರಣ ಸಾವಿರ ಪ್ರತಿ, ಪಕ್ಷಗಳು ಮೂರೇ: ಕಟ್ಟಳೆ, ತಟಸ್ಥ, ಗೊಂದಲ. ಪೌಲ್ ಆಂಡರ್‌ಸನ್, ಮೈಕೆಲ್ ಮೂರ್‌ಕಾಕ್ ಎಂಬ ಕಾದಂಬರಿಕಾರರ ಕಲ್ಪನೆಯಿಂದ ಬಂದದ್ದು. ಒಳ್ಳೆಯದು-ಕೆಟ್ಟದ್ದರ ಅಳತೆ ಆಮೇಲೆ ಸೇರಿತು, 1978ರ ಆಟಗಾರರ ಪುಸ್ತಕದ ಹೊತ್ತಿಗೆ ಒಂಬತ್ತಾಯಿತು. 2008ರ ಆವೃತ್ತಿಯಲ್ಲಿ ಐದಕ್ಕಿಳಿಸಿದರು, 2014ರಲ್ಲಿ ಮತ್ತೆ ಒಂಬತ್ತನ್ನೂ ತಂದರು. ಜನರು ಕೂತು ಕಟ್ಟಿದ್ದು, ಬೇಕಾದಾಗ ಬದಲಾಯಿಸಿದ್ದು. ಇದನ್ನು ತಿಳಿದಾಗಲೇ ನನ್ನ ಎದೆಯ ಭಾರ ಸ್ವಲ್ಪ ಇಳಿಯಿತು.

ಅದಕ್ಕಿಂತ ಹೆಚ್ಚು ಹಿಡಿಸಿದ್ದು ಇನ್ನೊಂದು ವಿಷಯ. ಕಥೆ ನಡೆಸುವವರಿಗಾಗಿ ಗೈಗ್ಯಾಕ್ಸ್ 1979ರಲ್ಲಿ ಬರೆದ ಪುಸ್ತಕದಲ್ಲಿ ಒಂದು ಸಲಹೆ ಇದೆ. ಆಟಗಾರ ತನ್ನ ಪಾತ್ರ ಇಂಥ ಪಕ್ಷದ್ದು ಎಂದು ಘೋಷಿಸಿಕೊಳ್ಳಬಹುದು, ಆದರೆ ಕಥೆ ನಡೆಸುವವನು ಆ ಪಾತ್ರ ಏನು ಮಾಡುತ್ತಿದೆ ಎಂಬುದನ್ನು ಗಮನಿಸುತ್ತ, ನಕಾಶೆಯ ಮೇಲೆ ಗುರುತು ಹಾಕುತ್ತ ಹೋಗಬೇಕು ಎಂದು. ಹೇಳಿಕೊಂಡದ್ದಕ್ಕಿಂತ ನಡೆದುಕೊಂಡದ್ದಕ್ಕೆ ತೂಕ. ಪಾತ್ರದ ತಲೆಯೊಳಗೆ ಯಾವ ಗಳಿಗೆಯಲ್ಲಿ ಏನು ಹಾದುಹೋಯಿತು ಎಂಬುದಕ್ಕೆ ಆ ನಕಾಶೆಯಲ್ಲಿ ಜಾಗವೇ ಇಲ್ಲ. ನನ್ನ ಮಗಳ ಪಾತ್ರ ಒಬ್ಬಳು ಕಳ್ಳಿ. ಒಂದು ಶನಿವಾರ ಆ ಕಳ್ಳಿ ಊರೊಂದರ ಕಣಜದ ಬೀಗ ಒಡೆದು ಬರಗಾಲದವರಿಗೆ ಧಾನ್ಯ ಹಂಚಿದಳಂತೆ. ಅದು ಅವರ ಪುಸ್ತಕದಲ್ಲಿ ಬರೆದಿದೆ. ಬೀಗ ಒಡೆಯುವಾಗ ಅವಳ ಮನಸ್ಸಿನಲ್ಲಿ ಏನಿತ್ತು ಎಂದು ಯಾರೂ ಬರೆದಿಲ್ಲ.

ನಾನು ಚಿಕ್ಕವಳಿದ್ದಾಗ ಯಕ್ಷಗಾನದಲ್ಲಿ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕನನ್ನು ಬಯಲಿನಲ್ಲಿ ಕೂತು ನೋಡಿದ್ದೇನೆ. ಬೆಳಗಿನ ಜಾವ ಆ ಕಣ್ಣು, ಆ ಹುಬ್ಬು ಕಂಡು ಅಮ್ಮನ ಸೆರಗು ಹಿಡಿದಿದ್ದೆ. ಪಾತ್ರದ ಆಸೆಯನ್ನು ಅಷ್ಟು ಕಣ್ಣಿಗೆ ಕಟ್ಟುವಂತೆ ತೋರಿಸಿದವರನ್ನು ಕೆಟ್ಟವರು ಎಂದು ಯಾರೂ ಅನ್ನಲಿಲ್ಲ, ಹಾರ ಹಾಕಿದರು. ರಂಗಸ್ಥಳದಲ್ಲಿ ಇಷ್ಟು ಸಲೀಸಾಗಿ ಅರ್ಥವಾಗುವ ವಿಷಯ ನಮ್ಮ ತಲೆಯೊಳಗಿನ ರಂಗಸ್ಥಳದ ವಿಷಯಕ್ಕೆ ಬಂದಾಗ ಯಾಕೆ ಅರ್ಥವಾಗುವುದಿಲ್ಲ?

ಇದಕ್ಕೆ ನನ್ನ ಬಳಿ ಒಂದು ಉತ್ತರ ಇದೆ, ಅದು ನನ್ನ ಅಮ್ಮನ ಅಂಗೈಯಿಂದ ಶುರುವಾಗುತ್ತದೆ.

ಅಪ್ಪ ಬಸ್ಸಿನ ಡ್ರೈವರ್. ಸಾಗರದಿಂದ ಗೇರುಸೊಪ್ಪೆ ಘಟ್ಟ ಇಳಿದು ಹೊನ್ನಾವರಕ್ಕೆ ಹೋಗುವ ದಾರಿ ಅವರದು. ನನಗೆ ಏಳು ವರ್ಷವಿದ್ದಾಗ ಒಂದು ಮಳೆಗಾಲದ ರಾತ್ರಿ ‘ಅಮ್ಮ, ಅಪ್ಪನ ಬಸ್ಸು ಘಟ್ಟದಲ್ಲಿ ಉರುಳಿದ್ರೆ?’ ಅಂತ ಕೇಳಿದೆ. ಅಮ್ಮ ಹಿಟ್ಟು ಮೆತ್ತಿದ ಕೈಯಲ್ಲೇ ನನ್ನ ಬಾಯಿ ಮುಚ್ಚಿದಳು. ‘ಬಿಡ್ತು ಅನ್ನು! ಅಶ್ವಿನಿ ದೇವತೆಗಳು ಅಸ್ತು ಅಂತಿರ್ತಾರೆ.’ ನಾನು ‘ಬಿಡ್ತು’ ಅಂದೆ.

ಕನ್ನಡದ ಮನೆಗಳಲ್ಲಿ ಹುಟ್ಟಿದವರಿಗೆ ಈ ಮಾತು ವಿವರಿಸಬೇಕಿಲ್ಲ. ಕೆಟ್ಟದ್ದು ನುಡಿದರೆ ಮೇಲೆ ಓಡಾಡುವ ದೇವತೆಗಳು ಹಾಗೇ ಆಗಲಿ ಅಂದುಬಿಡುತ್ತಾರೆ, ಅದಕ್ಕೆ ಕೂಡಲೇ ವಾಪಸು ತೆಗೆದುಕೊಳ್ಳಬೇಕು. ಅಮ್ಮನಿಗೆ ಗಂಡನ ಮೇಲಿದ್ದ ಪ್ರೀತಿಯೆಲ್ಲ ಆ ಮಾತಿನಲ್ಲಿತ್ತು. ಅದನ್ನು ಹೀಗಳೆಯುವ ಮನಸ್ಸು ನನಗೆ ಎಂದೂ ಬಂದಿಲ್ಲ. ಆದರೆ ಏಳು ವರ್ಷದ ಹುಡುಗಿ ಅದರಿಂದ ಕಲಿತದ್ದೇನು? ನನ್ನ ಬಾಯಿಂದ ಬಂದದ್ದಕ್ಕೆ ಬಸ್ಸು ಉರುಳಿಸುವ ಶಕ್ತಿ ಇದೆ ಎಂದು. ಬಾಯಿಂದ ಬಂದದ್ದಕ್ಕೆ ಇದ್ದರೆ ಮನಸ್ಸಿಗೆ ಬಂದದ್ದಕ್ಕೂ ಇರಬೇಕಲ್ಲ. ಅಂದಿನಿಂದ ಅಪ್ಪ ರಾತ್ರಿ ಪಾಳಿಗೆ ಹೋದರೆ ಹಾಸಿಗೆಯಲ್ಲಿ ‘ಬಿಡ್ತು’ ಹೇಳುತ್ತಿದ್ದೆ. ಮೊದಲು ಒಂದು ಸಲ, ಆಮೇಲೆ ಏಳು ಸಲ, ನಡುವೆ ಎಣಿಕೆ ತಪ್ಪಿದರೆ ಮೊದಲಿಂದ. ಅಪ್ಪ 1994ರಲ್ಲಿ ನಿವೃತ್ತರಾದರು. ಒಂದು ದಿನವೂ ಬಸ್ಸಿಗೆ ಏನೂ ಆಗಲಿಲ್ಲ. ಅದಕ್ಕೆ ಅವರ ಕೈ, ಅವರ ಕಣ್ಣು, ಬ್ರೇಕು ಕಾರಣ ಎಂದು ಇಡೀ ಊರು ನಂಬಿತ್ತು. ನಾನು ಮಾತ್ರ ಒಳಗೊಳಗೇ ಬೇರೆ ಕಾರಣ ನಂಬಿದ್ದೆ.

ಯೋಚನೆ ಮಾಡಿದ್ದೂ ಕೆಲಸ ಮಾಡಿದ್ದೂ ಒಂದೇ ಎಂದು ಮನಸ್ಸು ಬೆಸೆದುಕೊಳ್ಳುವ ಈ ಗುಣಕ್ಕೆ 1990ರ ದಶಕದಲ್ಲಿ ಮನಶ್ಶಾಸ್ತ್ರಜ್ಞರು ಒಂದು ಹೆಸರನ್ನೇ ಕೊಟ್ಟರು. ಸ್ಟ್ಯಾನ್ಲಿ ರಾಕ್‌ಮನ್ ಅವರಲ್ಲಿ ಮುಖ್ಯರು. ಅದಕ್ಕೂ ಮೊದಲು, 1978ರಲ್ಲಿ, ರಾಕ್‌ಮನ್ ಮತ್ತು ಶ್ರೀಲಂಕಾದಿಂದ ಲಂಡನ್ನಿಗೆ ಹೋಗಿದ್ದ ಪದ್ಮಲ್ ಡಿ ಸಿಲ್ವಾ ಸೇರಿ ಒಂದು ಅಧ್ಯಯನ ಪ್ರಕಟಿಸಿದ್ದರು. ಗೀಳಿನಿಂದ ನರಳುವವರ ಯೋಚನೆಗಳನ್ನೂ ಯಾವ ಕಾಯಿಲೆಯೂ ಇಲ್ಲದವರ ಯೋಚನೆಗಳನ್ನೂ ಒಟ್ಟಿಗೆ ಇಟ್ಟು ನೋಡಿದರು. ಮಗುವಿಗೆ ಏನಾದರೂ ಮಾಡಿಬಿಟ್ಟರೆ, ದೇವಸ್ಥಾನದಲ್ಲಿ ಕೆಟ್ಟ ಮಾತು ಕೂಗಿಬಿಟ್ಟರೆ, ರೈಲಿಗೆ ಯಾರನ್ನೋ ನೂಕಿಬಿಟ್ಟರೆ, ಇಂಥವು ಇಬ್ಬರಲ್ಲೂ ಇದ್ದವು. ಬರೀ ಯೋಚನೆಯನ್ನು ಓದಿ ಇದು ಯಾರದು ಎಂದು ಹೇಳುವುದು ತಜ್ಞರಿಗೂ ಸುಲಭವಾಗಲಿಲ್ಲ. 2014ರಲ್ಲಿ ಪ್ರಕಟವಾದ ಅಧ್ಯಯನವೊಂದಕ್ಕಾಗಿ 13 ದೇಶಗಳ 777 ವಿದ್ಯಾರ್ಥಿಗಳನ್ನು ಕೇಳಿದಾಗ ಶೇ 94ರಷ್ಟು ಜನ, ಹಿಂದಿನ ಮೂರು ತಿಂಗಳಲ್ಲಿ ಬೇಡದ ಯೋಚನೆಯೊಂದು ತಾನಾಗಿ ನುಗ್ಗಿ ಬಂದಿತ್ತು ಅಂದರು.

ನಾನು ಇದನ್ನು ಓದಿದ್ದು ಐವತ್ತು ದಾಟಿದ ಮೇಲೆ. ಓದಿ ಅತ್ತೆ. ಅದರಲ್ಲೂ ಒಂದು ಅಧ್ಯಯನ ನನಗೆಂದೇ ಬರೆದ ಹಾಗಿತ್ತು. 2008ರಲ್ಲಿ ಪ್ರಕಟವಾದ ಆ ಅಧ್ಯಯನಕ್ಕಾಗಿ ಕೆನಡಾದ ನಿಕೋಲ್ ಫೇರ್‌ಬ್ರದರ್ ಮತ್ತು ಶೀಲಾ ವುಡಿ ಹೊಸದಾಗಿ ಹೆತ್ತ ತಾಯಂದಿರನ್ನು ಮಾತಾಡಿಸಿದ್ದರು. ಮಗುವಿಗೆ ಆಕಸ್ಮಿಕವಾಗಿ ಏನಾದರೂ ಆದೀತು ಎಂಬ ಯೋಚನೆ ಎಲ್ಲರಿಗೂ ಬಂದಿತ್ತು. ತಾನೇ ಕೈಯಾರೆ ಏನಾದರೂ ಮಾಡಿಬಿಟ್ಟರೆ ಎಂಬ ಯೋಚನೆ ಹತ್ತಿರ ಹತ್ತಿರ ಅರ್ಧದಷ್ಟು ತಾಯಂದಿರಿಗೆ ಬಂದಿತ್ತು. ಅರ್ಧದಷ್ಟು! ನಮ್ಮ ಸಾಗರದ ಆಸ್ಪತ್ರೆಯ ಬಾಣಂತಿ ವಾರ್ಡಿನಲ್ಲಿ ಮಗಳು ಹುಟ್ಟಿದ ವರ್ಷ ನನ್ನ ಅಕ್ಕಪಕ್ಕದ ಹಾಸಿಗೆಗಳಲ್ಲಿದ್ದ ಎಷ್ಟೋ ಹೆಂಗಸರು ನನ್ನ ಹಾಗೆಯೇ ಬಾಯಿ ಬಿಗಿಹಿಡಿದು ಮನೆಗೆ ಹೋಗಿರಬೇಕು. ಕಿವಿಗೆ ಹತ್ತಿ ಇಡು, ತಣ್ಣೀರು ಮುಟ್ಟಬೇಡ, ಬೆಳ್ಳುಳ್ಳಿ ತಿನ್ನು ಎಂದು ಬಾಣಂತಿಗೆ ನೂರು ಮಾತು ಹೇಳುವ ನಾವು ಈ ಒಂದು ಮಾತು ಹೇಳುವುದಿಲ್ಲ: ಹೀಗೊಂದು ಭಯದ ಯೋಚನೆ ಬರಬಹುದು, ಬಂದರೆ ಹೆದರಬೇಡ, ನನಗೆ ಹೇಳು. ಈ ವಿಷಯದಲ್ಲಿ ನನಗೆ ಸಿಟ್ಟಿದೆ.

ಯೋಚನೆಯನ್ನು ಅದುಮಿದರೆ ಹೋಗುತ್ತದೆ ಎಂದುಕೊಂಡು ನಾನು ಕಳೆದ ವರ್ಷಗಳು ಸಣ್ಣವಲ್ಲ. ಕೋತಿಯನ್ನು ನೆನೆಯದೆ ಔಷಧ ಕುಡಿ ಎಂದು ವೈದ್ಯ ಹೇಳಿದ, ಆಮೇಲೆ ಲೋಟ ಎತ್ತಿದಾಗಲೆಲ್ಲ ಕೋತಿಯೇ ಬಂತು ಎಂಬ ಕಥೆಯನ್ನು ನಮ್ಮ ಅಜ್ಜಿ ಹೇಳುತ್ತಿದ್ದರು. 1987ರಲ್ಲಿ ಡೇನಿಯಲ್ ವೆಗ್ನರ್ ಅಮೆರಿಕದಲ್ಲಿ ಇದನ್ನೇ ಬಿಳಿ ಕರಡಿ ಇಟ್ಟುಕೊಂಡು ಪ್ರಯೋಗ ಮಾಡಿ ತೋರಿಸಿದರು. ಬಿಳಿ ಕರಡಿಯನ್ನು ನೆನೆಯಬೇಡಿ ಎಂದು ಹೇಳಿಸಿಕೊಂಡವರು, ಆಮೇಲೆ ನೆನೆಯಬಹುದು ಅಂದಾಗ, ಮೊದಲಿಂದಲೂ ನೆನೆಯಬಹುದಾಗಿದ್ದವರಿಗಿಂತ ಹೆಚ್ಚು ನೆನೆದರು. ಅಜ್ಜಿಯ ಕಥೆ ಗೊತ್ತಿದ್ದೂ ನಾನು ಲೋಟ ಹಿಡಿದೇ ಕೂತಿದ್ದೆ.

ಬ್ಯಾಂಕಿನ ಕೆಲಸವೂ ಇದರಲ್ಲಿ ಸೇರಿಕೊಂಡಿತು. ನಗದು ಕೋಣೆಗೆ ಎರಡು ಕೀಲಿ, ಒಂದು ಮ್ಯಾನೇಜರರ ಬಳಿ, ಒಂದು ನನ್ನ ಬಳಿ. ಇಬ್ಬರೂ ಸೇರಿ ಹಾಕಿ, ಎಳೆದು ನೋಡಿ, ಸಹಿ ಹಾಕಬೇಕು. ಅಲ್ಲಿ ಒಮ್ಮೆ ಎಳೆದು ನೋಡುವುದು ಕರ್ತವ್ಯ. ಬಾಗಿಲ ಬೀಗಕ್ಕೆ ಅದರ ಉತ್ತರ ಇದೆ, ಎಳೆದಾಗ ಬರಲಿಲ್ಲ ಅಂದರೆ ಹಾಕಿದೆ ಎಂದರ್ಥ. ಮನಸ್ಸಿಗೆ ಅಂಥ ಬೀಗವಿಲ್ಲ. ನಾನು ಒಳ್ಳೆಯವಳಾ ಎಂದು ಎಳೆದು ನೋಡಿದಷ್ಟೂ ಅದು ಸ್ವಲ್ಪ ಸಡಿಲಾಗಿಯೇ ಕಾಣುತ್ತದೆ. ಹದಿನೇಳು ಸಲದ ಪ್ರಶ್ನಾವಳಿಯೂ ಏಳು ಸಲದ ‘ಬಿಡ್ತು’ವೂ ಒಂದೇ ಕೆಲಸ ಎಂದು ತಿಳಿಯಲು ನನಗೆ ಮಗಳು ಬೇಕಾದಳು.

ಕ್ಯಾಲೆಂಡರಿನ ಹಿಂದಿನ ಗೀಟುಗಳನ್ನು ಅವಳು ಕಂಡಿದ್ದಳು. ದೀಪಾವಳಿಯ ಬಲಿಪಾಡ್ಯಮಿ ದಿನ ಸಂಜೆ, ಕೊಟ್ಟಿಗೆಯ ಮುಂದೆ ಹಣತೆ ಹಚ್ಚುತ್ತಿದ್ದಾಗ ಕೇಳಿದಳು. ಸುಳ್ಳು ಹೇಳಬೇಕೆಂದು ಬಾಯಿ ತೆಗೆದೆ, ಜೋಗ ಬಂತು. ಮಂಜು, ಕಂಬಿ, ಅವಳ ಹಳದಿ ಉಣ್ಣೆ ಟೋಪಿ, ಆ ಮಾತು, ಅವಳಪ್ಪನಿಗೆ ಹೇಳಿದ ಕೈ ಸೋತ ಸುಳ್ಳು, ಎಲ್ಲ ಹೇಳಿದೆ. ಯಾರ ವಿಷಯದಲ್ಲಿ ಆ ಯೋಚನೆ ಬಂದಿತ್ತೋ ಅವಳಿಗೇ ಹೇಳುತ್ತಿದ್ದೆ. ನನ್ನ ಕೈ ನಡುಗಿ ಎಣ್ಣೆ ಚೆಲ್ಲಿತು.

ಅವಳು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, ‘ಅಮ್ಮ, ನಂಗೆ ಮೆಟ್ರೋದಲ್ಲಿ ಬರುತ್ತೆ’ ಅಂದಳು.

ಜಯನಗರದ ನಿಲ್ದಾಣದಲ್ಲಿ ಹಳದಿ ಪಟ್ಟಿಯ ಹಿಂದೆ ನಿಂತಾಗ, ರೈಲಿನ ದೀಪ ಕಂಡಾಗ, ಹಾರಿಬಿಟ್ಟರೆ ಎಂಬ ಯೋಚನೆ. ಒಮ್ಮೊಮ್ಮೆ ಮುಂದೆ ನಿಂತ ಅಜ್ಜಿಯನ್ನು ನೂಕಿಬಿಟ್ಟರೆ ಎಂದು. ಎಂಟು ತಿಂಗಳಿಂದ ಗೋಡೆಗೆ ಬೆನ್ನು ಅಂಟಿಸಿ ನಿಲ್ಲುತ್ತಾಳಂತೆ. ಆ ಪ್ರಶ್ನಾವಳಿ ಅವಳಿಗೂ ಬರೀ ಆಟವಾಗಿರಲಿಲ್ಲ, ಅವಳೂ ಮತ್ತೆ ಮತ್ತೆ ತೆಗೆದು ನೋಡಿದ್ದಳು. ನನಗೆ ಓದಿ ಹೇಳಿದ್ದು, ಅಮ್ಮನಿಗೆ ಏನು ಬರುತ್ತದೆ ನೋಡೋಣ ಎಂದು.

ಸಾಯಬೇಕು ಅನ್ನಿಸುತ್ತದಾ ಎಂದು ನೇರವಾಗಿ ಕೇಳಿದೆ. ಕೇಳುವುದಕ್ಕೆ ನಾಲಿಗೆ ಬರಲಿಲ್ಲ, ಆದರೂ ಕೇಳಿದೆ. ‘ಇಲ್ಲಮ್ಮ. ಸಾಯ್ಬಾರ್ದು ಅಂತಾನೇ ಅಷ್ಟು ಭಯ’ ಅಂದಳು. 2012ರಲ್ಲಿ ಅಮೆರಿಕದ ಫ್ಲಾರಿಡಾದ ಸಂಶೋಧಕರು ಎತ್ತರದ ಜಾಗದಲ್ಲಿ ಹಾರಿಬಿಡುವ ಪ್ರೇರಣೆ ಬಂದಂತಾಗುವ ಬಗ್ಗೆ ಪ್ರಕಟಿಸಿದ ಅಧ್ಯಯನದಲ್ಲಿ, ಆತ್ಮಹತ್ಯೆಯ ಯೋಚನೆಯನ್ನು ಎಂದೂ ಮಾಡಿರದವರಲ್ಲೂ ಅರ್ಧಕ್ಕಿಂತ ಹೆಚ್ಚು ಜನ ಇದನ್ನು ಅನುಭವಿಸಿದ್ದರು. ಸಾಯುವ ಆಸೆಯೇ ಇದ್ದರೆ, ಯಾರಿಗಾದರೂ ಹಾನಿ ಮಾಡಬೇಕೆಂದು ನಿಜವಾಗಿ ಅನ್ನಿಸುತ್ತಿದ್ದರೆ ಅದು ಬೇರೆ ಮಾತು, ಅದಕ್ಕೆ ಅದೇ ದಿನ ಸಹಾಯ ಬೇಕು. ಅದಕ್ಕೇ ಕೇಳಬೇಕು ಅನ್ನುವುದು. ಬಾಯಿ ಮುಚ್ಚಿಸಿದ ಮನೆಯಲ್ಲಿ ಯಾವುದು ಯಾವುದು ಎಂದು ಯಾರಿಗೂ ತಿಳಿಯುವುದಿಲ್ಲ.

ನಾನು ಒಂದು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಹೋದೆ. ಮಂಗಳವಾರ ಮನೋವೈದ್ಯರು ಬರುವ ‘ಮನೋಚೈತನ್ಯ’ ಎಂಬ ಸರ್ಕಾರದ ಯೋಜನೆ ಇದೆ ಎಂದು ಬ್ಯಾಂಕಿಗೆ ಬರುವ ಆಶಾ ಕಾರ್ಯಕರ್ತೆಯೊಬ್ಬರು ಹೇಳಿದ್ದರು. ಜಿಲ್ಲಾ ಮಟ್ಟದ ಮಾನಸಿಕ ಆರೋಗ್ಯ ಸೇವೆ ಎಂಬ ಕಲ್ಪನೆಗೆ ದೇಶದಲ್ಲಿ ಮಾದರಿಯಾದದ್ದು 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗ. ನಲವತ್ತು ವರ್ಷವಾಯಿತು. ಆದರೂ ಆ ಸಾಲಿನಲ್ಲಿ ಕೂತ ನಾವೆಲ್ಲ ಮುಖ ಗೋಡೆಗೆ ತಿರುಗಿಸಿಕೊಂಡಿದ್ದೆವು.

ವೈದ್ಯರು ನನ್ನ ಯೋಚನೆಯನ್ನು ಕೇಳಿದರು, ಬೆಚ್ಚಲಿಲ್ಲ. ‘ಆ ಯೋಚನೆ ಬಂದ ಮೇಲೆ ಏನು ಮಾಡ್ತೀರಿ?’ ಅಂದರು. ಅಷ್ಟು ವರ್ಷದಲ್ಲಿ ನಾನೇ ನನಗೆ ಕೇಳಿಕೊಳ್ಳದ ಪ್ರಶ್ನೆ ಅದು. ಹೇಳುತ್ತ ಹೋದೆ: ಬಿಡ್ತು ಅನ್ನುತ್ತೇನೆ, ಎಣಿಸುತ್ತೇನೆ, ಕತ್ತಿ ಎತ್ತಿಡುತ್ತೇನೆ, ಗ್ಯಾಸಿನ ರೆಗ್ಯುಲೇಟರ್ ಮೂರು ಸಲ ನೋಡುತ್ತೇನೆ, ಎತ್ತರದ ಜಾಗಕ್ಕೆ ಹೋಗುವುದಿಲ್ಲ, ನಾನು ಒಳ್ಳೆಯವಳೇ ಅಲ್ಲವಾ ಎಂದು ಗಂಡನನ್ನು ಸುತ್ತಿ ಬಳಸಿ ಕೇಳುತ್ತೇನೆ, ಈಗ ಪ್ರಶ್ನಾವಳಿ. ಅವರು ಒಂದೊಂದನ್ನೂ ಬರೆದುಕೊಂಡರು. ಯೋಚನೆ ಬರುವುದನ್ನು ತಡೆಯುವುದು ನಮ್ಮ ಕೆಲಸ ಅಲ್ಲ, ಅದು ಬರಲಿ, ಈ ಪಟ್ಟಿಯಲ್ಲಿರುವುದನ್ನು ಒಂದೊಂದಾಗಿ ಬಿಡುತ್ತ ಬನ್ನಿ, ಬಿಟ್ಟಾಗ ಭಯ ಏರುತ್ತದೆ, ಏರಲಿ, ತಾನಾಗಿ ಇಳಿಯುವವರೆಗೆ ಅದರ ಜೊತೆ ಕೂತಿರಿ ಅಂದರು. ಭಯಕ್ಕೆ ಎದುರಾಗಿ ನಿಂತು, ಮಾಡಬೇಕೆನ್ನಿಸಿದ್ದನ್ನು ಮಾಡದೆ ಇರುವ ಈ ಚಿಕಿತ್ಸೆ 1966ರಲ್ಲಿ ಇಂಗ್ಲೆಂಡಿನ ವಿಕ್ಟರ್ ಮೇಯರ್ ಪ್ರಕಟಿಸಿದ ಪ್ರಯತ್ನದಿಂದ ಬೆಳೆದು ಬಂದದ್ದಂತೆ. ಮೊದಲು ಬಿಟ್ಟಿದ್ದು ಪ್ರಶ್ನಾವಳಿ. ಎರಡನೆಯದು ರೆಗ್ಯುಲೇಟರ್. ‘ಬಿಡ್ತು’ ಬಿಡಲು ನಾಲ್ಕು ತಿಂಗಳು ಹಿಡಿಯಿತು.

ಎಲ್ಲರಿಗೂ ವೈದ್ಯರು ಬೇಕಿಲ್ಲ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಗೀಳು ಕಾಯಿಲೆ ಇರುವವರು ನೂರಕ್ಕೆ ಒಬ್ಬರಿಗಿಂತ ತುಸು ಕಡಿಮೆ. ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಇದರಲ್ಲೇ ಹೋಗುತ್ತಿದ್ದರೆ, ಕೆಲಸ, ನಿದ್ದೆ, ಮನೆಯವರ ಜೊತೆಗಿನ ಬದುಕು ಕೆಡುತ್ತಿದ್ದರೆ ಹೋಗಲೇಬೇಕು, ಔಷಧವೂ ಇದೆ, ಗುಣ ಕಾಣುತ್ತದೆ. 2022ರಿಂದ 14416 ಎಂಬ ಟೆಲಿಮಾನಸ್ ಸಂಖ್ಯೆ ಇದೆ, ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ. ಉಳಿದವರಿಗೆ ಬೇಕಾದದ್ದು ಬೆಚ್ಚದೆ ಕೇಳುವ ಒಬ್ಬರು. ಶಾಲೆಗಳಲ್ಲಿ ಮಕ್ಕಳಿಗೆ ಬೆಂಕಿ ಬಿದ್ದರೆ ಏನು ಮಾಡಬೇಕು, ಹಾವು ಕಚ್ಚಿದರೆ ಏನು ಮಾಡಬೇಕು ಎಂದು ಹೇಳಿಕೊಡುತ್ತೇವೆ. ಏಳನೇ ತರಗತಿಯಲ್ಲಿ ಅರ್ಧ ಗಂಟೆ, ತಲೆಗೆ ಎಂಥೆಂಥ ಯೋಚನೆ ಬರುತ್ತದೆ, ಬಂದರೆ ಅದರಿಂದ ನೀವು ಕೆಟ್ಟವರಾಗುವುದಿಲ್ಲ ಎಂದು ಹೇಳಿಕೊಡಲಿ. ಬಾಣಂತಿಯ ಮನೆಗೆ ಹೋಗುವ ಆಶಾ ಕಾರ್ಯಕರ್ತೆಯರ ಕೈಯಲ್ಲಿರುವ ಪಟ್ಟಿಗೆ ಒಂದು ಪ್ರಶ್ನೆ ಸೇರಲಿ. ಮನೋವೈದ್ಯ ಡಾ. ಸಿ. ಆರ್. ಚಂದ್ರಶೇಖರ್ ಅಂಥವರು ದಶಕಗಳಿಂದ ಸರಳ ಕನ್ನಡದಲ್ಲಿ ಮನಸ್ಸಿನ ಬಗ್ಗೆ ಬರೆಯುತ್ತ ಬಂದಿದ್ದಾರೆ. ಮಾತುಗಳು ಇವೆ, ಮನೆಯೊಳಗೆ ಬರಬೇಕು.

ನನ್ನ ಅಮ್ಮನಿಗೆ ಈಗ ಎಂಬತ್ತೊಂದು. ಹೋದ ತಿಂಗಳು ಅವಳಿಗೂ ಹೇಳಿದೆ. ಜೋಗದ ವಿಷಯ ಬಂದಾಗ ಅಭ್ಯಾಸಬಲದಿಂದ ಅವಳ ಕೈ ನನ್ನ ಬಾಯಿಯ ಕಡೆ ಬಂತು. ಅರ್ಧಕ್ಕೆ ನಿಂತಿತು. ಆಮೇಲೆ ಆ ಕೈಯನ್ನು ನನ್ನ ತಲೆಯ ಮೇಲಿಟ್ಟು, ನೀನು ಹುಟ್ಟಿದ ವರ್ಷ ಬಾವಿಯ ಹತ್ತಿರ ನಂಗೂ ಹಾಗೇ ಆಗ್ತಿತ್ತು ಅಂದಳು. ಅದಕ್ಕೇ ಬಾವಿಗೆ ಮುಚ್ಚಳ ಮಾಡಿಸಿದಳಂತೆ. ನಾನು ಆ ಮರದ ಮುಚ್ಚಳದ ಮೇಲೆ ಕೂತು ಓದಿಕೊಂಡು ಬೆಳೆದವಳು.

ಮಗಳು ಈಗ ವಾರಕ್ಕೆರಡು ಸಲ ಬೇಕೆಂದೇ ಗೋಡೆ ಬಿಟ್ಟು, ಎಲ್ಲರ ಹಾಗೆ ಪಟ್ಟಿಯ ಹಿಂದೆ ಸಾಲಿನಲ್ಲಿ ನಿಲ್ಲುತ್ತಾಳೆ. ಮೊನ್ನೆ ಸಂಜೆ ಆರೂವರೆಗೆ ಫೋನು ಬಂತು, ಹಿಂದೆ ನಿಲ್ದಾಣದ ಗದ್ದಲ.

‘ಅಮ್ಮ, ಬಂತು ಈಗ.’

ನೀನು ಹಾಗೆಲ್ಲ ಮಾಡುವವಳಲ್ಲ ಎಂಬ ಮಾತು ನನ್ನ ಬಾಯಿಗೆ ಬಂತು, ನುಂಗಿಕೊಂಡೆ. ‘ಏನು ಮಾಡ್ತಿದೀಯ?’ ಅಂದೆ.

‘ನಿಂತಿದೀನಿ. ಒಬ್ರು ಅಜ್ಜಿ ಚೀಲ ಹಿಡ್ಕೊ ಅಂದ್ರು, ಹಿಡ್ಕೊಂಡಿದೀನಿ. ರೈಲು ಬಂತು, ಇಡ್ತೀನಿ.’